ಗೆರೆಯಿಲ್ಲದ ಮೂಗು

ಮೂಗು ಬರೆಯುವುದೆಂದರೆ ಗೆರೆ ಎಳೆಯುವುದು ಎಂದು ಒಂದನೇ ತರಗತಿಯಿಂದಲೂ ನಂಬಿಕೊಂಡು ಬಂದವರು ನಾವು. ಡಚ್ ಚಿತ್ರಕಾರ ವರ್ಮೀರ್ ಸುಮಾರು 1665ರಲ್ಲಿ ಬರೆದ ‘ಮುತ್ತಿನ ಓಲೆಯ ಹುಡುಗಿ’ಯನ್ನು ಎದುರಿಗಿಟ್ಟುಕೊಂಡು ನಕಲು ಮಾಡಲು ಕೂತರೆ ಆ ನಂಬಿಕೆ ಮೊದಲ ದಿನವೇ ಕೈಕೊಡುತ್ತದೆ. ಅವಳ ಮೂಗಿಗೂ ಅದರಾಚೆಯ ಕೆನ್ನೆಗೂ ನಡುವೆ ಗೆರೆಯೇ ಇಲ್ಲ! ಒಂದೇ ಬಣ್ಣ ಅಲ್ಲಿಂದಿಲ್ಲಿಗೆ ಹರಿದುಬಿಟ್ಟಿದೆ. ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದರೆ ಮಾತ್ರ ಮೂಗು ನೆಟ್ಟಗೆ, ಲಕ್ಷಣವಾಗಿ ಅಲ್ಲೇ ಇದೆ. ಇರುವುದನ್ನು ನಕಲು ಮಾಡಬಹುದು, ಇಲ್ಲದ್ದನ್ನು ಮಾಡುವುದು ಹೇಗೆ?

ತೈಲವರ್ಣದ ತೈಲವೇನೂ ಪರಕೀಯವಲ್ಲ, ನಮ್ಮ ಅಗಸೆ ಎಣ್ಣೆಯೇ. ರೊಟ್ಟಿಗೆ ಅಗಸಿ ಹಿಂಡಿ ಹಚ್ಚಿಕೊಂಡು ಬೆಳೆದವರಿಗೆ, ಚಿತ್ರಕಲೆಯ ಅಂಗಡಿಯಲ್ಲಿ ಅಂಗೈಯಗಲದ ಸೀಸೆಯ ಬೆಲೆ ಕೇಳಿ ಎದೆ ಧಸಕ್ಕೆನ್ನದೆ ಇರದು. ಕೆಳಗಿನ ಪದರಕ್ಕಿಂತ ಮೇಲಿನದರಲ್ಲಿ ಎಣ್ಣೆ ಹೆಚ್ಚಿರಬೇಕು, ಇಲ್ಲವಾದರೆ ಬಣ್ಣ ಬಿರುಕು ಬಿಡುತ್ತದೆ. ಹಾಗಾಗಿ ಒಂದು ಪದರ ಹಚ್ಚುವುದು, ಅದು ಒಣಗಲೆಂದು ದಿನಗಟ್ಟಲೆ ಕಾಯುವುದು. ಕಾಯುವಾಗ ಮನೆಯವರು ಬಂದು ವಿಮರ್ಶೆ ಮಾಡುವುದು.

“ಯಾರ ಮನಿ ಹುಡುಗಿನೋ ಇಕಿ? ಇನ್ನೊಂದು ಓಲಿ ಎಲ್ಲಿ?” ಎಂದರು ಅಮ್ಮ. ಮುಖ ಆ ಕಡೆ ತಿರುಗಿದೆ, ಆ ಕಿವಿ ಕಾಣುವುದಿಲ್ಲ ಎಂದೆ. “ರೆಪ್ಪಿನೂ ಇಲ್ಲಲ್ಲ, ಇರಬೇಕಲ್ಲ?” ಯಾರ ಮನೆಯವಳೋ ಯಾರಿಗೂ ಗೊತ್ತಿಲ್ಲ. ಅದು ಯಾರದೋ ಭಾವಚಿತ್ರವೇ ಅಲ್ಲ, ಕಲ್ಪನೆಯ ಮುಖ ಎನ್ನುತ್ತಾರೆ ಬಲ್ಲವರು. ರೆಪ್ಪೆಯ ವಿಷಯದಲ್ಲಿ ಮಾತ್ರ ಅಮ್ಮನದೇ ಗೆಲುವು. 2018ರಲ್ಲಿ ನೆದರ್ಲೆಂಡ್ಸಿನ ಹೇಗ್ ನಗರದ ಮಾರಿಟ್ಸ್‌ಹೌಸ್ ಸಂಗ್ರಹಾಲಯದಲ್ಲಿ ಚಿತ್ರವನ್ನು ಯಂತ್ರಗಳಿಂದ ಪರೀಕ್ಷಿಸಿದಾಗ ಬರಿಗಣ್ಣಿಗೆ ಕಾಣದ ಕೂದಲೆಳೆಯಂಥ ರೆಪ್ಪೆಗಳು ಕಂಡವು. ಅವಳ ಬೆನ್ನ ಹಿಂದಿನ ಕಪ್ಪು ಕೂಡ ಬರೀ ಕಪ್ಪಲ್ಲ, ಬಣ್ಣ ಕೆಟ್ಟುಹೋದ ಹಸಿರು ಪರದೆ ಅದು. “ನಾ ಹೇಳಲಿಲ್ಲೇನು?” ಎಂದು ಅಮ್ಮ ಒಳಗೆ ಹೋದರು. ಹಾಗಾದರೆ ನಾನು ನಕಲು ಮಾಡಬೇಕಾದದ್ದು ವರ್ಮೀರ್ ಬರೆದದ್ದನ್ನೋ, ಕಾಲ ಉಳಿಸಿದ್ದನ್ನೋ? ನನಗಂತೂ ಕಪ್ಪೇ ಇರಲಿ. ಮನಸೋತಿದ್ದು ಅದಕ್ಕೇ.

ಎಲ್ಲರೂ ಹೆದರುವ ಮುತ್ತು ನಿಜಕ್ಕೂ ಸುಲಭ. ಮೇಲೆ ಎಡಕ್ಕೆ ದಪ್ಪಗೆ ಒಂದು ಬಿಳಿ, ಕೆಳಗೆ ಕೊರಳಪಟ್ಟಿಯ ಮಸುಕು ಪ್ರತಿಬಿಂಬ, ಅಷ್ಟೇ. ಕಿವಿಗೆ ಸಿಕ್ಕಿಸಿದ ಕೊಂಡಿಯೂ ಇಲ್ಲ. ಆದರೆ ಅಷ್ಟಕ್ಕೇ ಬ್ರಷ್ ಕೆಳಗಿಡುವ ಧೈರ್ಯ ಎಲ್ಲಿಂದ ತರುವುದು? ಸುತ್ತ ಒಂದು ಗುಂಡನೆ ಗೆರೆ ಎಳೆದುಬಿಡೋಣ ಎಂದು ಕೈ ತುರಿಸುತ್ತದೆ. ಎಳೆದರೆ ಮುತ್ತು ಹೋಗಿ ಗೋಲಿ.

ತಲೆವಸ್ತ್ರದ ನೀಲಿಗೆ ವರ್ಮೀರ್ ಬಳಸಿದ್ದು ಅಫ್ಘಾನಿಸ್ತಾನದಿಂದ ಬಂದ ದುಬಾರಿ ಕಲ್ಲಿನ ಪುಡಿ. ಸಾಲದಲ್ಲೇ 1675ರಲ್ಲಿ ತೀರಿಕೊಂಡ, ಬೇಕರಿಯವನ ಬಾಕಿಗೆ ಹೆಂಡತಿ ಎರಡು ಚಿತ್ರ ಕೊಡಬೇಕಾಯಿತು. ಈ ಹುಡುಗಿಯೋ 1881ರ ಹರಾಜಿನಲ್ಲಿ ಹೋದದ್ದು ಆಗಿನ ಡಚ್ ನಾಣ್ಯದಲ್ಲಿ ಎರಡು ಗಿಲ್ಡರ್‌ಗೆ, ಮೇಲೆ ಮೂವತ್ತು ಸೆಂಟ್ ಕಮಿಷನ್. ನನ್ನ ನೀಲಿ ಕಾರ್ಖಾನೆಯ ಟ್ಯೂಬಿನದು, ಆದರೂ ಹಿಂಡುವಾಗ ಕೈ ಬಿಗಿಯಾಗುತ್ತದೆ.

ಪ್ಯಾರಿಸಿನ ಸಂಗ್ರಹಾಲಯ ಲೂವ್ರ್‌ನಲ್ಲಿ 1793ರಿಂದಲೂ ನಕಲುಗಾರರಿಗೆ ಜಾಗವಿದೆ. ಅಳತೆ ಮೂಲದಷ್ಟೇ ಇರಬಾರದು, ಕಲಾವಿದನ ಸಹಿಯನ್ನು ನಕಲು ಮಾಡಬಾರದು ಎಂಬುದು ಅಲ್ಲಿಯ ಕಟ್ಟಳೆ. ನಾನೂ ಪಾಲಿಸಿದೆ. ವರ್ಮೀರ್ ಸಹಿ ಹಾಕಿದ ಎಡಮೂಲೆಯನ್ನು ಹಾಗೇ ಬಿಟ್ಟೆ.

“ಹಂಗಾರ ನಿನ್ನ ಹೆಸರರ ಬರಿ,” ಎಂದರು ಅಮ್ಮ, “ಮೂಲಿ ಖಾಲಿ ಕಾಣ್ತದ.”