ಡಿ ದರ್ಜೆಯ ನೀರಲ್ಲಿ ಬಿ ದರ್ಜೆಯ ಈಜು

ಊರು ಬಿಟ್ಟು ಇಪ್ಪತ್ತೆರಡು ವರ್ಷವಾಯಿತು. ಹುಟ್ಟಿದ ಊರಿಗೆ ಏನು ಮಾಡಿದೆ ಅಂತ ಯಾರಾದರೂ ಕೇಳಿದರೆ ಮೊದಲೆಲ್ಲ ಮಾತು ತಿರುಗಿಸುತ್ತಿದ್ದೆ. ಶಾಲೆಗೆ ಒಂದು ಗೋಡೆ ಗಡಿಯಾರ ಕೊಡಿಸಿಲ್ಲ, ದೇವಸ್ಥಾನದ ಚಪ್ಪಡಿ ಮೇಲೆ ಹೆಸರು ಕೆತ್ತಿಸಿಲ್ಲ. 2018ರಿಂದ ಈಚೆಗೆ ಆ ಅಳುಕಿಲ್ಲ. ದಿನಾ ಬೆಳಿಗ್ಗೆ ಆರೂವರೆಗೆ ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಫ್ಲಶ್ ಒತ್ತುತ್ತೇನೆ. ಅದು ಒಳಚರಂಡಿ ಸೇರಿ, ಕೋರಮಂಗಲ–ಚಲ್ಲಘಟ್ಟ ಕಣಿವೆಯ ಶುದ್ಧೀಕರಣ ಘಟಕ ಹೊಕ್ಕು, ಅಲ್ಲಿ ಎರಡು ಹಂತದ ಸಂಸ್ಕಾರ ಪಡೆದು, ಪೈಪು ಹತ್ತಿ ಕೋಲಾರದ ಕಡೆ ಹೊರಡುತ್ತದೆ. ನಾನು ಊರಿಗೆ ಹೋಗುವುದು ಯುಗಾದಿಗೊಂದು ಸಲ, ದೀಪಾವಳಿಗೊಂದು ಸಲ. ನನ್ನದು ದಿನಾ ಹೋಗುತ್ತದೆ.

ಇದಕ್ಕೆ ಕೆ.ಸಿ. ವ್ಯಾಲಿ ಯೋಜನೆ ಅಂತ ಹೆಸರು. ಕಾಗದದ ಲೆಕ್ಕದಲ್ಲಿ ದಿನಕ್ಕೆ 44 ಕೋಟಿ ಲೀಟರ್ ನೀರು, ತುಂಬಿಸಬೇಕಾದ ಕೆರೆಗಳು 126. ಕಾವೇರಿ ಬೇಕು, ಕೃಷ್ಣೆ ಬೇಕು, ಶಾಶ್ವತ ನೀರಾವರಿ ಬೇಕು ಅಂತ ನಮ್ಮ ಜಿಲ್ಲೆಯವರು ಧರಣಿ ಕೂತು ಕೂತು ಚಾಪೆ ಸವೆಸಿದ್ದರು. ಎತ್ತಿನಹೊಳೆಯ ನೀರು ತರುವ ಯೋಜನೆಗೆ 2014ರಲ್ಲೇ ಅಡಿಗಲ್ಲು ಬಿತ್ತು. ಹೊಳೆ ಪಶ್ಚಿಮ ಘಟ್ಟ ಹತ್ತಿ ಬರಬೇಕಲ್ಲ, ಏದುಸಿರು ಬಿಡುತ್ತ ಇನ್ನೂ ದಾರಿಯಲ್ಲಿದೆ. ಕಾವೇರಿ ಮಾತ್ರ ಬಂದೇ ಬಿಟ್ಟಳು. ತಲಕಾವೇರಿಯಲ್ಲಿ ಹುಟ್ಟಿ, ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರು ಪೈಪಿನಲ್ಲಿ ಏರಿ, ಬೆಂಗಳೂರಿನವರ ಪಾತ್ರೆ ತೊಳೆದು, ಬಟ್ಟೆ ಒಗೆದು, ಮಕ್ಕಳ ಮುಕುಳಿ ತೊಳೆದು, ಸುಸ್ತಾಗಿ ನಮ್ಮ ಕಡೆ ಬಂದಳು. ಹಿರಿಯ ಸೊಸೆಯ ಮನೆಯಲ್ಲಿ ದುಡಿಸಿಕೊಂಡಷ್ಟು ದಿನ ದುಡಿಸಿಕೊಂಡು, ಸೊಂಟ ಬಿದ್ದ ಮೇಲೆ ಕಿರಿಯ ಮಗನ ಮನೆಗೆ ಅಟ್ಟುತ್ತಾರಲ್ಲ, ಹಾಗೆ.

ನಗುವ ಮೊದಲು ಒಂದು ಮಾತು ಹೇಳಿಬಿಡಬೇಕು. ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಒಂದು ನದಿಯಿಲ್ಲ. ಬೋರ್‌ವೆಲ್ಲು ಸಾವಿರದೈನೂರು ಅಡಿ ಇಳಿದರೂ ಬರೀ ಕಲ್ಲುಪುಡಿ ಉಗುಳುತ್ತಿತ್ತು. ಸಿಕ್ಕ ನೀರಿನಲ್ಲಿ ಫ್ಲೋರೈಡು. ನಮ್ಮೂರ ಕೆರೆ ನಾನು ಕಂಡಂತೆ ಹದಿನೈದು ವರ್ಷ ಜಾಲಿ ಮುಳ್ಳಿನ ಕಾಡು, ಅದರ ನಡುವೆ ಹುಡುಗರ ಕ್ರಿಕೆಟ್ ಪಿಚ್ಚು. ತೂಬಿನ ಕಲ್ಲೇ ವಿಕೆಟ್ಟು. ಒಂದಿಡೀ ತಲೆಮಾರು ಈಜು ಕಲಿಯದೆ ಬೆಳೆಯಿತು. ಕೆರೆಯಲ್ಲಿ ಬಿದ್ದು ಮಂಡಿ ತರಚಿಕೊಂಡ ತಲೆಮಾರು ಅದು. ಅಂಥ ಕೆರೆಗೆ ನೀರು ಬಂದ ದಿನ ನಮ್ಮ ಚಿಕ್ಕಮ್ಮ ಅರಿಸಿನ ಕುಂಕುಮ ಹಾಕಿ ಕಣ್ಣೀರು ಒರೆಸಿಕೊಂಡರು. ಅದು ಎಲ್ಲಿಂದ ಬಂದ ನೀರು ಅಂತ ಅವರಿಗೆ ಗೊತ್ತಿತ್ತು. ಆಮೇಲೆ ಸುತ್ತಮುತ್ತ ಬತ್ತಿಹೋಗಿದ್ದ ಬೋರ್‌ವೆಲ್ಲುಗಳು ಮತ್ತೆ ಕೆಮ್ಮಿದವು, ಟೊಮೆಟೊ ತೋಟ ಹಸಿರಾಯಿತು. ಇದನ್ನು ಬೆಂಗಳೂರಿನಲ್ಲಿ ಕೂತು ಮೂಗು ಮುಚ್ಚಿಕೊಳ್ಳುವವರಿಗೆ ಹೇಳುತ್ತಿದ್ದೇನೆ. ಮೂಗು ಮುಚ್ಚಿಕೊಳ್ಳುವ ಹಕ್ಕು ನಮಗಿಲ್ಲ. ಅದು ನಮ್ಮದೇ.

ತಮಾಷೆ ಇರುವುದು ಬೇರೆ ಕಡೆ. 2018ರ ಜೂನ್‌ನಲ್ಲಿ ಮೊದಲ ನೀರು ಲಕ್ಷ್ಮೀಸಾಗರದ ಕೆರೆಗೆ ಬಿತ್ತು. ಜುಲೈನಲ್ಲಿ ಅಲ್ಲಿ ನೊರೆ ಎದ್ದಿತು. ಇಂಥದೇ ನೊರೆಗೆ ಹೆಸರಾದ ಬೆಂಗಳೂರಿನ ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದು, ಸೇನೆಯ ಜವಾನರು ಬಂದು ನೀರನ್ನು ಆರಿಸಿದ್ದು ಅದೇ ವರ್ಷದ ಜನವರಿಯಲ್ಲಿ. ಹಾಗಾಗಿ ನೊರೆ ಕಂಡ ನಮ್ಮವರು ಬಕೆಟ್ಟು ಹುಡುಕಬೇಕೋ ಬೆಂಕಿ ಪೊಟ್ಟಣ ಬಚ್ಚಿಡಬೇಕೋ ತಿಳಿಯದೆ ಕೋರ್ಟಿಗೆ ಓಡಿದರು. ಹೈಕೋರ್ಟು ನಿಲ್ಲಿಸಿ ಎಂದಿತು, ಆಮೇಲೆ ಬಿಡಿ ಎಂದಿತು. 2019ರಲ್ಲಿ ಸುಪ್ರೀಂ ಕೋರ್ಟು ನಿಲ್ಲಿಸಿ ಎಂದಿತು, ಆಮೇಲೆ ಬಿಡಿ ಎಂದಿತು. ಕೆರೆಗೆ ಹೀಗೆ ವಕೀಲರ ಮೂಲಕ ನೀರು ಹಾಯಿಸಿದ್ದು ನಮ್ಮ ಪೂರ್ವಜರಿಗೆ ಹೊಳೆದಿರಲಿಲ್ಲ. ಅವರು ಪಾಪ ತೂಬು ತೆಗೆದು ನೀರು ಹಾಯಿಸಲು ನೀರುಗಂಟಿಯನ್ನು ಇಟ್ಟುಕೊಂಡಿದ್ದರು.

ಜಗಳ ಅಂದಿನಿಂದ ಇಂದಿನವರೆಗೆ ಒಂದೇ. ಎರಡು ಹಂತ ಸಾಕು ಅಂತ ಒಬ್ಬರು, ಮೂರನೇ ಹಂತ ಬೇಕೇ ಬೇಕು ಅಂತ ಇನ್ನೊಬ್ಬರು. ಮೊದಲ ಹಂತದಲ್ಲಿ ಗಟ್ಟಿಯಾದದ್ದನ್ನು ತೆಗೆಯುತ್ತಾರೆ. ಎರಡನೇ ಹಂತದಲ್ಲಿ ಸೂಕ್ಷ್ಮಜೀವಿಗಳನ್ನು ಬಿಟ್ಟು ಕರಗಿದ್ದನ್ನು ತಿನ್ನಿಸುತ್ತಾರೆ. ಸೋಪಿನಪುಡಿಯ ರಂಜಕ, ಉಚ್ಚೆಯ ಸಾರಜನಕ ಇವೆಲ್ಲ ಪೂರ್ತಿ ಹೋಗಬೇಕಾದರೆ ಮೂರನೆಯದು ಬೇಕು. ಆ ಮೂರನೆಯದನ್ನು ಯಾರು ಮಾಡುತ್ತಾರೆ ಅಂತ ಕೇಳಿದರೆ ಉತ್ತರ ಸಿದ್ಧ: ಭೂಮಿತಾಯಿ. ನೀರು ಮಣ್ಣಿನಲ್ಲಿ ಇಂಗುವಾಗ ತಾನೇ ಸೋಸಿಕೊಳ್ಳುತ್ತದಂತೆ. ಒಳ್ಳೆಯ ನೌಕರಳು. ಟೆಂಡರ್ ಕರೆಯುವಂತಿಲ್ಲ, ಸಂಬಳ ಕೇಳುವುದಿಲ್ಲ, ಆಡಿಟ್ಟಿಗೆ ಕರೆದರೆ ಬರುವುದೂ ಇಲ್ಲ.

ಈ ನೀರು ಅಂತರ್ಜಲಕ್ಕೆ ಮಾತ್ರ, ನೇರ ಬಳಕೆಗೆ ಅಲ್ಲ ಎಂಬುದು ಸರ್ಕಾರದ ಮಾತು. ಇದನ್ನು ನಮ್ಮೂರ ಏರಿಯ ಮೇಲೆ ನಿಂತು ಕೇಳಬೇಕು. ನಲವತ್ತು ಡಿಗ್ರಿ ಬಿಸಿಲಿನ ಹತ್ತಿರ ಬಂದ ಏಪ್ರಿಲ್ಲು. ಎದುರಿಗೆ ಎಕರೆಗಟ್ಟಲೆ ನೀರು. ಹುಡುಗರಿಗೆ ರಜ. ಎಮ್ಮೆಗಳಿಗೆ ಅಕ್ಷರ ಬರುವುದಿಲ್ಲ.

ಹೋದ ಸಲ ಹೋದಾಗ ಏರಿಯ ಮೇಲೆ ಎರಡು ಬೋರ್ಡು ನಿಂತಿದ್ದವು. ಒಂದರಲ್ಲಿ ಈಜಬಾರದು, ಬಟ್ಟೆ ಒಗೆಯಬಾರದು, ಮೀನು ಹಿಡಿಯಬಾರದು ಅಂತ. ನಾಲ್ಕು ಮಾರು ಆಚೆ ಇನ್ನೊಂದರಲ್ಲಿ ಈ ಕೆರೆಯ ಮೀನು ಪಾಶುವಾರು, ಅಂದರೆ ಮೀನು ಹಿಡಿಯುವ ಹಕ್ಕು, ಹರಾಜಿನಲ್ಲಿ ಕೊಡಲಾಗಿದೆ, ಗುತ್ತಿಗೆದಾರರನ್ನು ಬಿಟ್ಟು ಬೇರೆಯವರು ಹಿಡಿದರೆ ಕ್ರಮ ಅಂತ. ಮೊದಲನೆಯ ಬೋರ್ಡಿನ ಕಂಬದ ಮೇಲೆ ಹತ್ತಿ ನನ್ನ ಅಣ್ಣನ ಮಗ ನೀರಿಗೆ ಹಾರುತ್ತಿದ್ದ. ಎರಡನೆಯ ಬೋರ್ಡಿನ ಮೇಲೆ ಅವನ ಗೆಳೆಯರ ಚಡ್ಡಿಗಳು ಒಣಗುತ್ತಿದ್ದವು. 'ದೂಕುರಾ, ದೂಕುರಾ' ಅಂತ ಕೆಳಗಿನಿಂದ ಕೂಗು, ತೆಲುಗಿನಲ್ಲಿ ಹಾರೋ ಅಂತ. ಸೊಂಟಕ್ಕೆ ಟ್ರ್ಯಾಕ್ಟರಿನ ಹಳೇ ಟ್ಯೂಬು.

"ಏನ್ಲಾ, ಬೋರ್ಡು ನೋಡಿಲ್ವಾ?" ಅಂದೆ.

"ನೋಡಿದೀನಿ ಚಿಕ್ಕಪ್ಪಾ. ಅದರ ಮ್ಯಾಲಿಂದಾನೇ ಎತ್ರ ಚೆನ್ನಾಗ್ ಸಿಗೋದು."

ಕೆಳಗಿಳಿದವನ ಮೈತುಂಬ ಸಣ್ಣ ಕೆಂಪು ಗುಳ್ಳೆ. ತುರಿಸಿಕೊಳ್ಳುತ್ತಲೇ ನಗುತ್ತಿದ್ದ. ಯಾಕೋ ಅಂದರೆ ಸೊಳ್ಳೆ ಅಂದ. ಸೊಳ್ಳೆಯೇ ಇರಬಹುದು, ಅದೂ ಯಥೇಚ್ಛವಾಗಿತ್ತು.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನಮ್ಮ ದೇಶದ ನೀರಿಗೆಲ್ಲ ಶಾಲೆಯ ಮಕ್ಕಳ ಹಾಗೆ ಎ, ಬಿ, ಸಿ, ಡಿ, ಇ ಅಂತ ದರ್ಜೆ ಮಾಡಿಟ್ಟಿದೆ. ಎ ಅಂದರೆ ಕ್ರಿಮಿ ಕೊಂದು ಕುಡಿಯಬಹುದು. ಬಿ ಅಂದರೆ ಇಳಿದು ಸ್ನಾನ ಮಾಡಬಹುದು, ಈಜಬಹುದು. ಸಿ ಅಂದರೆ ಚೆನ್ನಾಗಿ ಶುದ್ಧೀಕರಿಸಿದರೆ ಕುಡಿಯಬಹುದು. ಡಿ ಮೀನಿಗೆ ಮತ್ತು ಕಾಡುಪ್ರಾಣಿಗೆ. ಇ ಗದ್ದೆಗೆ ಮತ್ತು ಕಾರ್ಖಾನೆ ತಂಪು ಮಾಡುವುದಕ್ಕೆ. ಬಿ ಪಾಸಾಗಬೇಕಾದರೆ ನೂರು ಮಿಲಿಲೀಟರಿನಲ್ಲಿ ಕೋಲಿಫಾರ್ಮ್ ಬ್ಯಾಕ್ಟೀರಿಯಾ ಐನೂರು ಮೀರಬಾರದು. ಡಿ ಪಾಸಾಗಲು ಆ ಲೆಕ್ಕವೇ ಇಲ್ಲ. ಲೀಟರಿಗೆ ನಾಲ್ಕು ಮಿಲಿಗ್ರಾಂ ಆಮ್ಲಜನಕ ಇದ್ದು, ಅಮೋನಿಯಾ 1.2 ದಾಟದೆ, ಹುಳಿ-ಕ್ಷಾರ ಹದವಾಗಿದ್ದರೆ ಆಯಿತು. ಮೀನಿನ ಹೊಟ್ಟೆ ಗಟ್ಟಿ ಅಂತ ತೀರ್ಮಾನ. ಇ ದರ್ಜೆಯಲ್ಲಂತೂ ಆಮ್ಲಜನಕದ ಮಾತೇ ಎತ್ತುವುದಿಲ್ಲ, ಉಸಿರಾಡುವವರು ಅಲ್ಲಿ ಯಾರೂ ಇರುವುದಿಲ್ಲವಲ್ಲ. ಬೆಂಗಳೂರಿನ ಕೆರೆಗಳ ತಿಂಗಳ ಫಲಿತಾಂಶ ತೆಗೆದು ನೋಡಿ, ಡಿ ಮತ್ತು ಇ ಬಿಟ್ಟು ಬೇರೆ ಅಕ್ಷರ ಹುಡುಕುವುದೇ ಒಂದು ಕೆಲಸ. ಡಿ ಬಂದರೆ ನಮ್ಮ ಕಾಲದ ಗಣಿತದ ಮೇಷ್ಟ್ರಿಗೆ ಬರುತ್ತಿದ್ದಂಥ ಸಂತೋಷ, ಅಬ್ಬ ಫೇಲಾಗಲಿಲ್ಲ.

ನಮ್ಮ ಹುಡುಗರ ತಪ್ಪು ಇಷ್ಟೇ, ಡಿ ದರ್ಜೆಯ ನೀರಿನಲ್ಲಿ ಬಿ ದರ್ಜೆಯ ಈಜು ಈಜುತ್ತಿದ್ದಾರೆ.

ನಾನು ಅಲ್ಲಿದ್ದ ದಿನವೇ ಜೀಪಿನಲ್ಲಿ ಒಬ್ಬ ಸಾಹೇಬರು ನೀರಿನ ಮಾದರಿಗೆ ಬಂದಿದ್ದರು. ಯಾವ ಇಲಾಖೆ ಅಂತ ಹೇಳುವುದಿಲ್ಲ, ಜೀಪಿನ ಮೇಲೆ ಬರೆದದ್ದನ್ನು ಕೆಸರು ಮುಚ್ಚಿತ್ತು. ಬಾಟಲಿಯಲ್ಲಿ ನೀರು ತುಂಬಿ ಬಿಸಿಲಿಗೆ ಹಿಡಿದರು. ಸೋಂಪಿನ ಕಷಾಯದ ಬಣ್ಣ. "ನೋಡಿ, ಎಷ್ಟು ತಿಳಿಯಾಗಿದೆ" ಅಂದರು. ನಮ್ಮ ಚಿಕ್ಕಪ್ಪ ಎಪ್ಪತ್ತು ದಾಟಿದವರು, ಸುಮ್ಮನೆ ನೋಡುತ್ತಿದ್ದರು. ಇನ್ನೇನು ಕುಡಿದು ತೋರಿಸಿ ಅನ್ನುತ್ತಾರೆ ಅಂತ ನಾನು ಕಾದೆ. ಅವರು ಅಷ್ಟು ಒರಟರಲ್ಲ.

"ಸಾಮಿ, ಕೈ ತೊಳ್ಕಳಕೆ ನೀರು ತರ್ಲಾ?" ಅಂದರು.

ಸಾಹೇಬರು "ಹ್ಞೂಂ, ತನ್ನಿ ತನ್ನಿ" ಅಂದರು. ಮೊಣಕಾಲುದ್ದ ನೀರಿನ ಅಂಚಿನಲ್ಲೇ ನಿಂತಿದ್ದರು. ಚಿಕ್ಕಪ್ಪ ಮನೆಗೆ ಹೋಗಿ, ಐದು ರೂಪಾಯಿ ನಾಣ್ಯ ಹಾಕಿ ಹಿಡಿದ ಫಿಲ್ಟರು ನೀರನ್ನು ಚೊಂಬಿನಲ್ಲಿ ತಂದು ಸುರಿದರು. ಸಾಹೇಬರು ಮೊಣಕೈವರೆಗೆ ಉಜ್ಜಿ ಉಜ್ಜಿ ತೊಳೆದುಕೊಂಡರು. ಆ ನೀರು ಏರಿ ಇಳಿದು ಕೆರೆ ಸೇರಿತು. ಆ ದಿನ ಕೆರೆಗೆ ಬಂದ ಅತ್ಯಂತ ಶುದ್ಧ ನೀರು ಅದೇ.

ಸಾಹೇಬರನ್ನು ಬಯ್ಯುವುದು ಸುಲಭ. ಹೋರಾಟದವರೂ ಕಮ್ಮಿಯಿಲ್ಲ. ಈ ವಿಷದ ನೀರು ಬೇಡವೇ ಬೇಡ ಅಂತ ನಮ್ಮೂರಲ್ಲಿ ಭಾಷಣ ಮಾಡಿ ಹೋದ ಒಬ್ಬ ಮಹನೀಯರು ಮುಂದಿನ ವಾರ ಪಕ್ಕದೂರಿನಲ್ಲಿ, ನಮ್ಮ ಕೆರೆಗೆ ಇನ್ನೂ ನೀರು ಬಿಟ್ಟಿಲ್ಲ, ಇದು ತಾರತಮ್ಯ ಅಂತ ರಸ್ತೆ ತಡೆ ಮಾಡಿದರು. ಎರಡು ಕಡೆಯೂ ಟೊಮೆಟೊ ಬೆಳೆಯುವವರು ಚಪ್ಪಾಳೆ ತಟ್ಟಿದರು. ಚಪ್ಪಾಳೆ ತಟ್ಟಿ ಹೋಗಿ ರಾತ್ರಿ ಮೋಟಾರು ಇಳಿಸಿದರು.

ಇನ್ನು ಮೀನು. ಗುತ್ತಿಗೆ ಹಿಡಿದವನು ನನ್ನ ಜೊತೆ ಏಳನೇ ಕ್ಲಾಸಿನವರೆಗೆ ಓದಿದವನು. ಕಾಟ್ಲಾ, ರೋಹು ಮರಿ ಬಿಟ್ಟಿದ್ದ. ಯಾರೂ ಬಿಡದೆ ತಾನೇ ಬಂದು ತುಂಬಿಕೊಂಡದ್ದು ಜಿಲೇಬಿ ಮೀನು. ಅದಕ್ಕೆ ಯಾವ ನೀರಾದರೂ ನಡೆಯುತ್ತದೆ, ಯಾವ ಸರ್ಕಾರವಾದರೂ ನಡೆಯುತ್ತದೆ. ಕರಾರು ಪತ್ರದಲ್ಲಿ ಏನಿದೆಯೋ ಅಂದೆ. "ನೀರು ಹೆಂಗಿದ್ರೂ ನಾವ್ ಜವಾಬ್ದಾರಿ ಅಲ್ಲ ಅಂತ ಅವ್ರು ಬರ್ಕೊಂಡವ್ರೆ. ತಿಂದೋರ್‌ಗೆ ಏನಾದ್ರೂ ನಾನು ಜವಾಬ್ದಾರಿ ಅಲ್ಲ ಅಂತ ನಾನು ಅನ್ಕೊಂಡಿವ್ನಿ" ಅಂದ. ಅಲ್ಲಿಗೆ ಇಡೀ ವ್ಯವಹಾರದಲ್ಲಿ ಜವಾಬ್ದಾರಿ ಉಳಿದದ್ದು ಮೀನಿಗೆ. ಅದು ನಿಭಾಯಿಸುತ್ತಿದೆ. ಪಾಚಿ ಹೆಚ್ಚಾದ ಕೆರೆಯಲ್ಲಿ ಹಗಲೆಲ್ಲ ಆಮ್ಲಜನಕ, ರಾತ್ರಿಯಾದರೆ ಪಾಚಿಯೇ ಅದನ್ನು ಎಳೆದುಕೊಳ್ಳುತ್ತದೆ. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ತೆರೆದು ಆಕಾಶ ನೋಡುತ್ತವೆ. ಒಂದು ದಿನ ನೋಡಿ ಸಾಕಾಗಿ ಹೊಟ್ಟೆ ಮೇಲು ಮಾಡಿ ಮಲಗುತ್ತವೆ. 2016ರ ಮಾರ್ಚಿನಲ್ಲಿ ಹಲಸೂರು ಕೆರೆಯಲ್ಲಿ ರಾಶಿ ರಾಶಿ ತೇಲಿದ್ದನ್ನು ಕಂಡಿದ್ದೇನೆ. ಎಲ್ಲ ಕೆರೆಗೂ ಬರುವ ವರದಿ ಒಂದೇ: ಸಾವಿಗೆ ಕಾರಣ ಆಮ್ಲಜನಕದ ಕೊರತೆ. ಹಾಗೆ ನೋಡಿದರೆ ನಮ್ಮ ತಾತ ಸತ್ತದ್ದೂ ಅದರಿಂದಲೇ.

ಇಷ್ಟೆಲ್ಲ ಪಂಡಿತರು ನೀರಿನ ಗುಣ ಅಳೆಯುತ್ತಾರೆ, ಆಳ ಅಳೆದವರನ್ನು ಕಾಣೆ. ಕೆರೆ ಒಣಗಿದ್ದಾಗ ಇಟ್ಟಿಗೆ ಗೂಡಿಗೆ ಅಂತ ಮಣ್ಣು ಬಗೆದು ಮಾಡಿದ ಗುಂಡಿಗಳು ಈಗ ನೀರಿನ ಕೆಳಗಿವೆ. ಈಜು ಬಾರದ ತಲೆಮಾರಿನ ಮಕ್ಕಳು ಮೇಲಿದ್ದಾರೆ. ಅದಕ್ಕೊಂದು ಬೋರ್ಡು ಇರಲಿಲ್ಲ. ಟ್ಯೂಬು ಬಿಡಬೇಡ ಅಂತ ಅಣ್ಣನ ಮಗನಿಗೆ ಗದರಿ ಬಂದೆ, ನನ್ನಿಂದ ಆದದ್ದು ಅಷ್ಟು.

ಕೋಲಾರದ ಬೆಟ್ಟದ ಮೇಲೆ ಅಂತರಗಂಗೆ ಇದೆ, ಕಲ್ಲಿನ ಬಸವನ ಬಾಯಿಂದ ವರ್ಷವೆಲ್ಲ ನೀರು ಬರುತ್ತದೆ. ಎಲ್ಲಿಂದ ಬರುತ್ತದೆ ಅಂತ ಯಾರಿಗೂ ತಿಳಿಯದು, ಎಲ್ಲರೂ ಭಕ್ತಿಯಿಂದ ಕುಡಿಯುತ್ತಾರೆ. ಕೆಳಗೆ ನಮ್ಮ ಕೆರೆಯಲ್ಲೂ ಈಗ ಅಂತರಗಂಗೆ ಇದೆ, ಆ ಹೆಸರಿನ ಕಳೆ, ಅಂಗೈಯಗಲದ ಎಲೆ, ನೇರಳೆ ಹೂ, ರಂಜಕ ತಿಂದು ವಾರಕ್ಕೊಂದು ಎಕರೆ ಹಬ್ಬುತ್ತದೇನೋ ಅನ್ನಿಸುವ ಸೊಕ್ಕು. ಇದಕ್ಕೆ ನೀರು ಎಲ್ಲಿಂದ ಬರುತ್ತದೆ ಅಂತ ಎಲ್ಲರಿಗೂ ಗೊತ್ತು. ಅದೊಂದೇ ತೊಂದರೆ.

ಭಾನುವಾರ ಸಂಜೆ ಬೆಂಗಳೂರಿಗೆ ವಾಪಸ್ಸಾದೆ. ನಮ್ಮ ಬೀದಿಯ ತಿರುವಿನಲ್ಲಿ ತಳ್ಳುಗಾಡಿಯ ಮೇಲೆ ಮೀನು. ಥರ್ಮೋಕೋಲು ಡಬ್ಬದ ಮೇಲೆ ಸುಣ್ಣದಲ್ಲಿ ಬರೆದಿದ್ದ: ಕೋಲಾರ ಕೆರೆ ಮೀನು, ತಾಜಾ. ಟೀಶರ್ಟಿನ ಇಬ್ಬರು ಸಾಫ್ಟ್‌ವೇರಿನವರು ನಿಂತು ಕೊಳ್ಳುತ್ತಿದ್ದರು. ಸಮುದ್ರದ್ದು ಫಾರ್ಮಲಿನ್ ಹಾಕಿರ್ತಾರೆ, ಹಳ್ಳಿ ಕೆರೆದಾದ್ರೆ ನ್ಯಾಚುರಲ್ಲು ಅಂತ ಒಬ್ಬ ಇನ್ನೊಬ್ಬನಿಗೆ ತಿಳಿಹೇಳುತ್ತಿದ್ದ. ಅವರು ಹೋದ ಮೇಲೆ ನಾನು ಒಂದು ಕಾಟ್ಲಾವನ್ನು ಎತ್ತಿ ನೋಡಿದೆ. ಅದೂ ನನ್ನನ್ನು ನೋಡಿತು, ದೂರದ ಸಂಬಂಧಿಯನ್ನು ಮದುವೆ ಮನೆಯಲ್ಲಿ ಗುರುತಿಸಿದ ಹಾಗೆ.

"ಕೋಲಾರದಲ್ಲಿ ಯಾವ ಕೆರೆದಪ್ಪಾ ಇದು?"

ಮೀನಿನವನು ಕತ್ತಿ ಒರೆಸುತ್ತ ನನ್ನ ಮುಖ ನೋಡಿದ. "ಯಾಕ್ ಸಾರ್, ನಿಮ್ದು ಯಾವೂರು?"

"ಕೋಲಾರಾನೇ. ನರಸಾಪುರದ ಕಡೆ."

ಅವನು ತೇವದ ಕೈಯಲ್ಲಿ ಡಬ್ಬದ ಮೇಲಿನ ಸುಣ್ಣದ ಮೊದಲ ಪದವನ್ನು ಉಜ್ಜಿದ.

"ಹಂಗಾದ್ರೆ ಇದು ಆಂಧ್ರದ್ದು ಸಾರ್. ಎಷ್ಟ್ ಹಾಕ್ಲಿ?"