ವಾರ್ಡಿಗೆ ಎಂಬತ್ತು ಸಾವಿರ

ಗ್ರಾಮಸಭೆಗೆ ಜನ ಬರಲ್ಲ ಅಂತ ದೂರುವವರನ್ನು ನಾನು ಕೇಳುವುದು ಇಷ್ಟೇ: ಬಂದು ಎಂತ ಮಾಡಬೇಕು?

ಸಭೆ ಹತ್ತೂವರೆಗೆ ಅಂತ ನೋಟಿಸು. ಸಭೆ ನೋಡಿಕೊಳ್ಳುವ ನೋಡಲ್ ಅಧಿಕಾರಿ ಬರುವಾಗ ಹನ್ನೊಂದು ದಾಟಿರುತ್ತದೆ. ಪ್ರಾರ್ಥನೆ, ಸ್ವಾಗತ, ಹೂವು. ಆಮೇಲೆ ಇಲಾಖೆಯವರ ಸರದಿ. ಕೃಷಿಯವರು ಸಬ್ಸಿಡಿ ಬಗ್ಗೆ ಹೇಳುತ್ತಾರೆ, ಆರೋಗ್ಯದವರು ಡೆಂಗೆ ಬಗ್ಗೆ ಹೇಳುತ್ತಾರೆ. ಅರಣ್ಯದವರು ಎದ್ದ ಕೂಡಲೇ ಮಂಗ, ಕಾಡುಹಂದಿ ಅಂತ ಅರ್ಧ ಗಂಟೆ ಗಲಾಟೆ. ಯಾವುದೋ ಒಂದು ಇಲಾಖೆಯವರು ಬಂದೇ ಇರುವುದಿಲ್ಲ, ಅದಕ್ಕೆ ಇನ್ನೊಂದು ಗಲಾಟೆ. ಎಲ್ಲರಿಗೂ ಹಸಿವಾಗುವ ಹೊತ್ತಿಗೆ ಪಿಡಿಒ (ಪಂಚಾಯತಿ ಅಭಿವೃದ್ಧಿ ಅಧಿಕಾರಿ) ಪುಸ್ತಕ ತೆಗೆದು "ಬೇಡಿಕೆ ಇದ್ದವರು ಹೇಳಿ" ಅನ್ನುತ್ತಾರೆ. ರಸ್ತೆ, ಚರಂಡಿ, ಬೀದಿದೀಪ, ಮೋರಿ, ರಸ್ತೆ, ರಸ್ತೆ. ಪುಟದ ಎಡಕ್ಕೆ ನಂಬರು, ನಡುವೆ ಬೇಡಿಕೆ, ಬಲಕ್ಕೆ ಒಂದೇ ವಾಕ್ಯ: "ಪರಿಶೀಲಿಸಿ ಕ್ರಮ ವಹಿಸುವುದು." ಒಂದರಿಂದ ಕೊನೆಯವರೆಗೂ ಅದೇ. ಎರಡನೆಯದರಿಂದ ಬರೀ ಎರಡು ಚುಕ್ಕೆ ಹಾಕಿ ಬಿಟ್ಟಿದ್ದನ್ನೂ ನೋಡಿದ್ದೇನೆ.

ಇದು ಕುಂದಾಪುರ ತಾಲೂಕಿನ ಒಳಭಾಗದ ನಮ್ಮ ಪಂಚಾಯತಿ ಕಥೆ. ಬೇರೆ ಜಿಲ್ಲೆಯ ಗೆಳೆಯರು ಓದಿದರೆ ಹಂದಿಯ ಜಾಗದಲ್ಲಿ ಆನೆ ಹಾಕಿಕೊಳ್ಳಿ, ಉಳಿದದ್ದು ಹಾಗೇ ಇರುತ್ತದೆ.

ನನಗೆ ಪಿಡಿಒ ಮೇಲೆ ಸಿಟ್ಟಿಲ್ಲ. ಸದಸ್ಯರ ಮೇಲೂ ಜಾಸ್ತಿ ಇಲ್ಲ. ತೊಂದರೆ ಇರುವುದು ಸಭೆ ಮುಗಿದ ಮೇಲೆ, ಮುಚ್ಚಿದ ಬಾಗಿಲ ಹಿಂದೆ ಕ್ರಿಯಾಯೋಜನೆ, ಅಂದರೆ ವರ್ಷದ ಕಾಮಗಾರಿಗಳ ಪಟ್ಟಿ, ಮಾಡುವ ಪದ್ಧತಿಯಲ್ಲಿ. ಅಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಅನ್ನುವ ಚರ್ಚೆಯೇ ಇಲ್ಲ. ಬಂದ ಹಣವನ್ನು ಸದಸ್ಯರ ಸಂಖ್ಯೆಯಿಂದ ಭಾಗಿಸುತ್ತಾರೆ. ಅಣ್ಣತಮ್ಮಂದಿರು ಗದ್ದೆ ಪಾಲು ಮಾಡಿಕೊಂಡ ಹಾಗೆ. ತಲಾ ಇಷ್ಟು, ನಿನ್ನದು ನಿನಗೆ, ನನ್ನದು ನನಗೆ.

ಒಂದು ಲೆಕ್ಕ ಹಾಕೋಣ. ನಮ್ಮ ಕಾಯ್ದೆಯಲ್ಲಿ 400 ಜನಸಂಖ್ಯೆಗೆ ಒಬ್ಬ ಸದಸ್ಯ. ಆರು ಸಾವಿರ ಜನರ ಪಂಚಾಯತಿ ಅಂದರೆ ಹದಿನೈದು ಸದಸ್ಯರು. ಕೇಂದ್ರದ ಹಣಕಾಸು ಆಯೋಗದ ಅನುದಾನ ವರ್ಷಕ್ಕೆ 30 ಲಕ್ಷ ಬಂತು ಅಂತ ಸುಮ್ನೆ ಇಟ್ಟುಕೊಳ್ಳಿ. 15ನೇ ಹಣಕಾಸು ಆಯೋಗ 2021ರಿಂದ 2026ರ ಅವಧಿಗೆ ಹಾಕಿದ ನಿಯಮದಲ್ಲಿ ಶೇ. 60 ನಿರ್ಬಂಧಿತವಾಗಿತ್ತು, ಅಂದರೆ ಹೇಳಿದ ಕೆಲಸಕ್ಕೇ ಖರ್ಚು ಮಾಡಬೇಕಿತ್ತು. ಅದರಲ್ಲಿ ಅರ್ಧ ನೀರಿಗೆ, ಅರ್ಧ ನೈರ್ಮಲ್ಯಕ್ಕೆ. ಅಲ್ಲಿಗೆ 18 ಲಕ್ಷ ಹೋಯಿತು. ಊರಿನ ಅಗತ್ಯ ನೋಡಿ ಖರ್ಚು ಮಾಡಬಹುದಾದದ್ದು ಉಳಿದ 12 ಲಕ್ಷ. ಅದನ್ನು ಹದಿನೈದರಿಂದ ಭಾಗಿಸಿ. ಎಂಬತ್ತು ಸಾವಿರ!

ಎಂಬತ್ತು ಸಾವಿರಕ್ಕೆ ಎಂತ ಬರುತ್ತದೆ? ಒಂದೆರಡು ಮನೆಯ ಅಂಗಳದ ಎದುರು ಮುಗಿಯುವಷ್ಟು ಕಾಂಕ್ರೀಟು. ಇಲ್ಲವೇ ಎಲ್ಲಿಂದಲೋ ಶುರುವಾಗಿ ಎಲ್ಲಿಗೂ ಹೋಗದ ಒಂದು ತುಂಡು ಚರಂಡಿ. ನಮ್ಮಲ್ಲಿ ಒಂದು ರಸ್ತೆ ಇದೆ. ಮೂರು ವರ್ಷದಲ್ಲಿ ಮೂರು ತುಂಡು ಕಾಂಕ್ರೀಟ್ ಆಗಿದೆ, ನಡುನಡುವೆ ಮಣ್ಣು. ಮಳೆಗಾಲದಲ್ಲಿ ಬೈಕಿನವರಿಗೆ ಪೂರ್ತಿ ಮಣ್ಣಿನ ರಸ್ತೆಯೇ ವಾಸಿ ಇತ್ತು, ಯಾಕೆಂದರೆ ಈಗ ಪ್ರತಿ ತುಂಡಿನ ತುದಿಯಲ್ಲೂ ಒಂದು ಮೊಣಕೈ ಉದ್ದದ ಹೊಂಡ. ಮೂರೂ ತುಂಡಿಗೆ ಮೂರು ನಾಮಫಲಕ ಮಾತ್ರ ಗಟ್ಟಿಯಾಗಿ ನಿಂತಿವೆ.

ಈಗ ಅಸಲು ವಿಷಯಕ್ಕೆ ಬರುತ್ತೇನೆ. ಕಾಲುಸಂಕ, ಅಂದರೆ ಸಣ್ಣ ಹಳ್ಳಕ್ಕೆ (ನಮ್ಮ ಮಾತಿನಲ್ಲಿ ತೋಡು) ಅಡ್ಡಲಾಗಿ ಹಾಕಿದ, ನಡೆದು ದಾಟುವ ಕಿರುಸೇತುವೆ.

ಘಟ್ಟದ ಬುಡದ ನಮ್ಮ ಊರುಗಳಲ್ಲಿ ತೋಡು ದಾಟದೆ ಯಾವ ಕೆಲಸವೂ ಆಗುವುದಿಲ್ಲ. ನಾನು ಹೇಳುತ್ತಿರುವ ಸಂಕ ಎರಡು ಅಡಿಕೆ ಮರ ಜೋಡಿಸಿ ಬಳ್ಳಿಯಲ್ಲಿ ಬಿಗಿದದ್ದು. ಒಂದು ಬದಿಗೆ ಹಿಡಿಯಲು ಬಿದಿರು. ಇನ್ನೊಂದು ಬದಿಗೆ ಏನೂ ಇಲ್ಲ. ಪ್ರತಿ ವರ್ಷ ಮೇ ಕೊನೆಗೆ ಆಚೆ ದಡದವರೇ ಸೇರಿ ಹೊಸ ಮರ ಹಾಕುತ್ತಾರೆ. ಜುಲೈ ಹೊತ್ತಿಗೆ ಪಾಚಿ ಹಿಡಿದಿರುತ್ತದೆ. ಮಕ್ಕಳು ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಬಿದಿರು, ಬೆನ್ನಿಗೆ ಬ್ಯಾಗು. ಗಾಳಿ ಬಂದರೆ ಕೊಡೆ ಬಿಡಬೇಕೋ ಬಿದಿರು ಬಿಡಬೇಕೋ? ಅಮ್ಮಂದಿರು ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಅಲ್ಲಿ ಬಂದು ನಿಲ್ಲುತ್ತಾರೆ. ಜೋರು ಮಳೆ ಬಂದ ದಿನ ಶಾಲೆಯೇ ಇಲ್ಲ.

ಇದು ಉತ್ಪ್ರೇಕ್ಷೆ ಅಂತ ಯಾರಿಗಾದರೂ ಅನಿಸಿದರೆ, 2022ರ ಆಗಸ್ಟಿನಲ್ಲಿ ಪಕ್ಕದ ಬೈಂದೂರು ತಾಲೂಕಿನಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಎರಡನೇ ಕ್ಲಾಸಿನ ಹುಡುಗಿ ಕಾಲುಸಂಕದಿಂದ ಜಾರಿ ನೀರುಪಾಲಾದದ್ದು ನೆನಪಿಸಿಕೊಳ್ಳಿ. ಆಗ ಜಿಲ್ಲೆಯಿಡೀ ಕಾಲುಸಂಕದ ಮಾತೇ ಮಾತು.

ನಮ್ಮ ಸಂಕದ ಬೇಡಿಕೆ ಮೊದಲು ಬಂದದ್ದು ಮಕ್ಕಳ ಗ್ರಾಮಸಭೆಯಲ್ಲಿ. ದೊಡ್ಡವರ ಸಭೆಯಲ್ಲಿ ಅಲ್ಲ. ಮಕ್ಕಳ ಮಾತನ್ನು ಪಂಚಾಯತಿ ಕೇಳಬೇಕು ಅನ್ನುವುದು ನಮ್ಮ ತಾಲೂಕಿಗೆ ಹೊಸತೇನಲ್ಲ. ಕೆರಾಡಿಯಲ್ಲಿ 1990ರ ದಶಕದಲ್ಲೇ ಮಕ್ಕಳ ಪಂಚಾಯತಿ ನಡೆದಿತ್ತು. ನಮ್ಮಲ್ಲಿ ಆರನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು ನಿಂತು ಸಂಕ ಬೇಕು ಅಂದಳು, ಎಲ್ಲರೂ ಚಪ್ಪಾಳೆ ತಟ್ಟಿದರು, ಪುಸ್ತಕಕ್ಕೆ ಏರಿತು. ಪರಿಶೀಲಿಸಿ ಕ್ರಮ ವಹಿಸುವುದು.

ಕ್ರಮ ಯಾಕೆ ಆಗಲಿಲ್ಲ? ಆ ತೋಡು ಎರಡು ವಾರ್ಡಿನ ಗಡಿ. ಈಚೆ ದಡ ಒಬ್ಬರದ್ದು, ಆಚೆ ದಡ ಇನ್ನೊಬ್ಬರದ್ದು. ಸಂಕ ಯಾರದ್ದು? ಈಚೆಯವರ ವಾರ್ಡಿನ ಯಾರಿಗೂ ಅದು ಬೇಡ, ಅವರು ಆಚೆ ಹೋಗುವುದೇ ಇಲ್ಲ. ಆಚೆಯವರ ವಾರ್ಡಿನಲ್ಲಿ ಅದು ಬೇಕಾದದ್ದು ಎಂಟು ಮನೆಗೆ. ಕಾಂಕ್ರೀಟಿನ ಗಟ್ಟಿ ಸಂಕಕ್ಕೆ ಕೆಲವು ಲಕ್ಷವಾದರೂ ಬೇಕು. ಒಬ್ಬ ಸದಸ್ಯರ ಪಾಲು ಎಂಬತ್ತು ಸಾವಿರ. ಅಲ್ಲಿಗೆ ಮುಗಿಯಿತು. ಆ ಕಾಮಗಾರಿ ಯಾವ ಪಟ್ಟಿಗೂ ಸೇರಲು ಸಾಧ್ಯವೇ ಇಲ್ಲ. ಹಣ ಕಡಿಮೆ ಅಂತಲ್ಲ, ಪಾಲು ಹಾಕುವ ಲೆಕ್ಕದಲ್ಲಿ ಅದಕ್ಕೆ ಜಾಗವೇ ಇಲ್ಲ ಅಂತ.

ಸದಸ್ಯರೊಬ್ಬರು ನನ್ನ ಜೊತೆ ಓದಿದವರು. "ಈ ವರ್ಷ ಎಲ್ಲರೂ ಒಂದಿಷ್ಟು ಬಿಟ್ಟು ಸಂಕ ಮಾಡಿ ಮಾರಾಯ" ಅಂದೆ. ಅವನು ನಗಲಿಲ್ಲ, ಬೈಯಲೂ ಇಲ್ಲ. "ನಂಗೆ ಓಟು ಹಾಕಿದ್ದು ನನ್ನ ವಾರ್ಡಿನವ್ರು. ಈ ವರ್ಷ ನನ್ನದೊಂದೂ ಕೆಲಸ ಇಲ್ಲ ಅಂದ್ರೆ ನೀನು ಬಂದು ಉತ್ತರ ಹೇಳ್ತೀಯಾ?" ಅಂದ. ಅವನದ್ದೂ ಸರಿಯೇ. ಕೈಬೆರಳೆಣಿಕೆಯ ಓಟಿನಲ್ಲಿ ಗೆದ್ದವನು ಅವನು. ಹಾಗಾಗಿ ಇದು ಒಳ್ಳೆಯ ಸದಸ್ಯ, ಕೆಟ್ಟ ಸದಸ್ಯ ಅನ್ನುವ ಪ್ರಶ್ನೆ ಅಲ್ಲ. ಆ ನಿರ್ಧಾರದ ಭಾರವನ್ನು ಅವನೊಬ್ಬನ ಹೆಗಲ ಮೇಲೆ ಹಾಕದೆ ಇಡೀ ಗ್ರಾಮಸಭೆ ಹೊರಬೇಕು. ಗ್ರಾಮಸಭೆ ಇರುವುದು ಅದಕ್ಕೇ ಅಲ್ವಾ?

ಕಾಯ್ದೆ ಓದಿದರೆ ಆಸೆ ಹುಟ್ಟುತ್ತದೆ. ಪಂಚಾಯತಿಗಳಿಗೆ ಸಂವಿಧಾನದ ಮಾನ್ಯತೆ ಕೊಟ್ಟ 73ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂತು. 2015ರ ತಿದ್ದುಪಡಿಯಲ್ಲಿ ನಮ್ಮ ಪಂಚಾಯತ್ ರಾಜ್ ಕಾಯ್ದೆಯ ಹೆಸರಿಗೇ 'ಗ್ರಾಮ ಸ್ವರಾಜ್' ಸೇರಿತು. ಮೊದಲು ಜನವಸತಿ ಸಭೆ, ಆಮೇಲೆ ವಾರ್ಡ್ ಸಭೆ, ಅಲ್ಲಿಂದ ಗ್ರಾಮಸಭೆ, ಹೀಗೆ ಕೆಳಗಿನಿಂದ ಮೇಲಕ್ಕೆ ಬರಬೇಕು. ಗ್ರಾಮಸಭೆಗೆ ಕೋರಂ, ಅಂದರೆ ಕನಿಷ್ಠ ಹಾಜರಿ, ಮತದಾರರ ಹತ್ತನೇ ಒಂದು ಭಾಗ ಅಥವಾ ನೂರು ಜನ, ಯಾವುದು ಕಡಿಮೆಯೋ ಅದು. ಅದರಲ್ಲಿ ಶೇ. 30 ಹೆಂಗಸರು. ನಮ್ಮಲ್ಲಿ ವಾರ್ಡ್ ಸಭೆ ಅಂದರೆ ಅಂಗನವಾಡಿ ಜಗಲಿಯಲ್ಲಿ ಐದಾರು ಜನ, ಒಂದು ಫೋಟೋ. ಸಹಿಯ ಪುಸ್ತಕ ಆಮೇಲೆ ಮನೆಮನೆಗೆ ಬರುತ್ತದೆ.

ಇನ್ನು ನಿರ್ಬಂಧಿತ ಹಣದ ಕಥೆ. ದಿಲ್ಲಿಯಿಂದಲೇ ತಲೆಬರಹ ಹಾಕಿ ಕಳಿಸುವುದರ ಬಗ್ಗೆ ನನಗೆ ತಕರಾರಿದೆ. ಆದರೆ ನೀರಿಗೆ ಅಂತ ಇಟ್ಟ ಹಣವನ್ನಾದರೂ ನಾವು ಸರಿಯಾಗಿ ಬಳಸುತ್ತೇವಾ? ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಜಿಲ್ಲೆ ಇದು. ಏಪ್ರಿಲ್ ಬಂದರೆ ಟ್ಯಾಂಕರು. ಮಳೆನೀರು ಇಂಗಿಸುವುದಕ್ಕೂ ಆ ಹಣದಲ್ಲಿ ಅವಕಾಶ ಇದೆ. ಆದರೆ ಇಂಗುಗುಂಡಿಗೆ, ಮೇಲಿನ ಹಾಡಿಯಲ್ಲಿ ಮದಗದ (ಕೆರೆಯ) ಹೂಳೆತ್ತುವುದಕ್ಕೆ ವಾರ್ಡಿಲ್ಲ. ಹಾಗಾಗಿ ಅಲ್ಲೂ ಪಾಲು. ಈ ವಾರ್ಡಿಗೊಂದು ಬೋರ್‌ವೆಲ್, ಆ ವಾರ್ಡಿಗೊಂದು ಮೋಟರ್. ಒಂದು ಬೋರಿನ ನೀರು ಇನ್ನೊಂದು ಎಳೆದುಕೊಳ್ಳುತ್ತದೆ. ಕಾಂಕ್ರೀಟ್ ಹಾಕಿದ ರಸ್ತೆಯನ್ನು ಆರು ತಿಂಗಳೊಳಗೆ ನಲ್ಲಿ ಪೈಪಿಗಾಗಿ ಅಗೆದದ್ದನ್ನು ಬರೆಯಲೇ ಬೇಕಾಗಿಲ್ಲ, ನಿಮ್ಮ ಮನೆ ಎದುರೇ ಆಗಿರುತ್ತದೆ.

ಎರಡು ಪಂಚಾಯತಿಗೆ ಸೇರಿದ ಹೊಳೆ, ಕಿಂಡಿ ಅಣೆಕಟ್ಟು, ದೊಡ್ಡ ಸೇತುವೆ ಇವೆಲ್ಲ ತಾಲೂಕು, ಜಿಲ್ಲಾ ಪಂಚಾಯತಿಯಲ್ಲಿ ಕೂತು ಮಾತಾಡಬೇಕಾದ ವಿಷಯ. ಅಲ್ಲಿ ಮಾತಾಡುವವರು ಯಾರು? 2016ರಲ್ಲಿ ಗೆದ್ದವರ ಅವಧಿ 2021ಕ್ಕೆ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ. ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಅಂತ ಒಂದಾದ ಮೇಲೆ ಒಂದು ಕಾರಣ. ನಡುವೆ ಸರ್ಕಾರವೇ ಬದಲಾಯಿತು, ಯಾರಿಗೂ ಅವಸರ ಕಾಣಲಿಲ್ಲ. ಇಡೀ ಜಿಲ್ಲೆಗೆ ಒಂದು ಯೋಜನೆ ಹೆಣೆಯಲು ಸಂವಿಧಾನದಲ್ಲೇ ಜಿಲ್ಲಾ ಯೋಜನಾ ಸಮಿತಿ ಇದೆ. ಅದರ ಐದರಲ್ಲಿ ನಾಲ್ಕು ಭಾಗ ಸದಸ್ಯರು ಜಿಲ್ಲಾ ಪಂಚಾಯತಿ ಮತ್ತು ಪಟ್ಟಣಗಳ ಚುನಾಯಿತರಿಂದ ಬರಬೇಕು. ಚುನಾಯಿತರೇ ಇಲ್ಲದಿದ್ದರೆ?

ಇದೇ ರಾಜ್ಯದಲ್ಲಿ 1987ರಲ್ಲಿ ಜಿಲ್ಲಾ ಪರಿಷತ್ (ಈಗಿನ ಜಿಲ್ಲಾ ಪಂಚಾಯತಿ) ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ಇತ್ತು ಅಂದರೆ ಈಗಿನ ಹುಡುಗರು ನಂಬುವುದಿಲ್ಲ. ಆಗಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್ ಹಠ ಹಿಡಿದು ಕಟ್ಟಿದ್ದು ಅದು. ಊರೂರಿಗೆ ಬೋರ್‌ವೆಲ್ ಕೊರೆಸಿ ನೀರ್ ಸಾಬ್ ಅನಿಸಿಕೊಂಡವರು. ನಮ್ಮ ಅಪ್ಪನ ತಲೆಮಾರಿನವರು ಆ ಕಾಲದ, ಕೆಲವು ಹಳ್ಳಿ ಸೇರಿದ ಮಂಡಲ ಪಂಚಾಯತಿ ಬಗ್ಗೆ ಮಾತಾಡುವಾಗ ಈಗಲೂ ದನಿ ಬೇರೆಯಾಗುತ್ತದೆ.

ದಕ್ಷಿಣಕ್ಕೆ ಗಡಿ ದಾಟಿ ಮಂಜೇಶ್ವರ, ಕಾಸರಗೋಡಿನ ಕಡೆ ನೆಂಟರಿರುವವರಿಗೆ ಇನ್ನೊಂದು ರೀತಿ ಗೊತ್ತು. ಕೇರಳ 1996ರಲ್ಲಿ ಜನಕೀಯ ಯೋಜನೆ ಅಂತ ಶುರು ಮಾಡಿ ರಾಜ್ಯದ ಯೋಜನಾ ಹಣದ ಶೇ. 35–40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟಿತು. ಅಲ್ಲಿ ವಾರ್ಡಿನ ಸಭೆಗಳ ಬೇಡಿಕೆ ಒಟ್ಟು ಮಾಡಿದ ಮೇಲೆ ಇಡೀ ಪಂಚಾಯತಿಗೆ ಒಂದು ವಿಕಸನ ಸೆಮಿನಾರ್ ನಡೆಯುತ್ತದೆ. ವಿಷಯಕ್ಕೊಂದು ಗುಂಪು ಕೂತು ಇದು ಮೊದಲು, ಇದು ಆಮೇಲೆ ಅಂತ ಮಾತಾಡುತ್ತಾರೆ. ಅಲ್ಲೆಲ್ಲ ಬಂಗಾರ ಅಂತಲ್ಲ. ರಸ್ತೆ ಹಣ ವಾರ್ಡಿಗೆ ಹಂಚಿಹೋಗುವ ದೂರು ಅಲ್ಲೂ ಇದೆ. ಆದರೆ ಒಟ್ಟಿಗೆ ಕೂತು ಮಾತಾಡುವ ಒಂದು ಜಾಗವಾದರೂ ಇದೆ.

ಹಾಗಾದರೆ ಎಂತ ಮಾಡಬೇಕು? ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಗ್ರಾಮಸಭೆಯ ಮೊದಲ ಕೆಲಸ ಸ್ವಾಗತ ಭಾಷಣ ಆಗುವುದು ಬೇಡ. ಕಳೆದ ವರ್ಷದ ಬೇಡಿಕೆ ಪಟ್ಟಿ ಓದಿ. ಆಗಿದ್ದು ಯಾವುದು, ಆಗದ್ದು ಯಾಕೆ, ಹೇಳಿ. ಆಮೇಲೆ ಶಾಲೆಯ ಕಪ್ಪು ಹಲಗೆ ಮೇಲೆ ಈ ವರ್ಷ ಬರುವ ಹಣ ಎಷ್ಟು, ಅದರಲ್ಲಿ ಬೀಗ ಬಿದ್ದದ್ದು ಎಷ್ಟು, ಉಳಿದದ್ದು ಎಷ್ಟು ಅಂತ ಸೀಮೆಸುಣ್ಣದಲ್ಲಿ ಬರೆಯಿರಿ. ಕೈಯಲ್ಲಿರುವುದು 12 ಲಕ್ಷ ಅಂತ ಗೊತ್ತಾದರೆ ಜನ ಐವತ್ತು ರಸ್ತೆ ಕೇಳುವುದಿಲ್ಲ. ಎಲ್ಲರೂ ಮನೆ ನಡೆಸುವವರೇ ಅಲ್ವಾ?

ಮುಖ್ಯವಾದದ್ದು ಇದು: ವಾರ್ಡಿಗೆ ಹಂಚುವ ಮೊದಲು ಅರ್ಧ ಹಣ ಬದಿಗಿಡಿ. ಒಂದು ವಾರ್ಡಿನಿಂದ ಆಗದ, ಎರಡು ವಾರ್ಡಿನ ನಡುವೆ ಸಿಕ್ಕಿಕೊಂಡ ಕೆಲಸಕ್ಕೆ ಅಂತಲೇ. ಉಳಿದ ಅರ್ಧ ಬೇಕಾದರೆ ಪಾಲು ಹಾಕಿಕೊಳ್ಳಿ, ಸದಸ್ಯರಿಗೂ ಮುಖ ತೋರಿಸಲು ಏನಾದರೂ ಬೇಕು.

ಆ ಅರ್ಧದಲ್ಲಿ ಯಾವುದು ಮೊದಲು ಅಂತ ಕೈ ಎತ್ತಿಸಿ ತೀರ್ಮಾನ ಮಾಡಿದರೆ ಆಗುತ್ತದಾ? ಇಲ್ಲ. ನಾನು ಇದನ್ನು ತುಂಬ ಯೋಚಿಸಿದ್ದೇನೆ. ಕೈ ಎಣಿಸಿದರೆ ಎಂಟು ಮನೆಯವರು ಪ್ರತಿ ಸಲವೂ ಸೋಲುತ್ತಾರೆ, ಪೇಟೆ ಬದಿಯ ಹೈಮಾಸ್ಟ್ ದೀಪ ಪ್ರತಿ ಸಲವೂ ಗೆಲ್ಲುತ್ತದೆ. ಕಾಲೊನಿಗೆ ಅಂತ ಮೀಸಲಿಟ್ಟ ಹಣದ ರಸ್ತೆ ಕಾಲೊನಿ ಮುಟ್ಟುವ ಮೊದಲೇ ನಿಲ್ಲುವುದೂ ಇದೇ ಲೆಕ್ಕದಿಂದ. ಅದಕ್ಕೆ ಓಟಿಗಿಂತ ಮೊದಲು ಒಂದು ನಿಯಮ ಬೇಕು: ಜೀವಕ್ಕೆ ಅಪಾಯ ಇರುವುದು ಮೊದಲು. ಮಕ್ಕಳು, ಬಸುರಿಯರು, ಹಾಸಿಗೆ ಹಿಡಿದವರು ದಾಟಲಾಗದ ಜಾಗ ಮೊದಲು. ಅದಾದ ಮೇಲೆ ಉಳಿದದ್ದಕ್ಕೆ ಕೈ ಎತ್ತೋಣ. ಇದನ್ನು ಸಭೆಯ ನಿರ್ಣಯ ಅಂತ ಒಮ್ಮೆ ಬರೆಸಿಕೊಂಡರೆ ಮುಂದೆ ಯಾವ ಸದಸ್ಯನೂ ಒಬ್ಬನೇ ಬೈಸಿಕೊಳ್ಳಬೇಕಾಗಿಲ್ಲ.

ಕೊನೆಗೆ ನಮ್ಮ ಬುಡಕ್ಕೂ ಬರಬೇಕು. ಮನೆ ತೆರಿಗೆ. ಪಂಚಾಯತಿಗೆ ಬರುವ ಹಣದಲ್ಲಿ ಮೇಲಿನವರ ತಲೆಬರಹ ಕಡಿಮೆ ಇರುವುದು ನಾವು ಕಟ್ಟುವ ತೆರಿಗೆಗೆ. ಆದರೆ ಗ್ರಾಮಸಭೆಯಲ್ಲಿ ಜೋರಾಗಿ ಕೂಗುವ ಹಲವರು ಬಿಲ್ ಕಲೆಕ್ಟರ್ ಬಂದರೆ ಹಿಂದಿನ ಬಾಗಿಲಲ್ಲಿ ತೋಟಕ್ಕೆ ಹೋಗುತ್ತಾರೆ. ಎರಡು ಮಹಡಿ ಮನೆ, ಕಾರು, ಮೂರು ವರ್ಷದ ತೆರಿಗೆ ಬಾಕಿ. ಹೆಸರು ಹೇಳುವುದಿಲ್ಲ, ಇದನ್ನು ಓದುತ್ತಿದ್ದಾರೆ.

ಮುಂದಿನ ವಾರ್ಡ್ ಸಭೆಗೆ ಆ ಎಂಟು ಮನೆಯವರನ್ನೂ ಕರೆದುಕೊಂಡು ಹೋಗುತ್ತೇನೆ. ಈಚೆ ದಡದ ವಾರ್ಡಿನ ಸಭೆಗೂ. ಅಷ್ಟರೊಳಗೆ ನೀವೊಂದು ಕೆಲಸ ಮಾಡಿ. ಇ-ಗ್ರಾಮಸ್ವರಾಜ್ ವೆಬ್‌ಸೈಟಿನಲ್ಲಿ ನಿಮ್ಮ ಪಂಚಾಯತಿಯ ಕ್ರಿಯಾಯೋಜನೆ ಸಿಗುತ್ತದೆ, ಲಾಗಿನ್ ಏನೂ ಬೇಡ. ತೆಗೆದು ನೋಡಿ. ಒಂದು ಲಕ್ಷಕ್ಕಿಂತ ಕೆಳಗಿನ ಕಾಮಗಾರಿ ಎಷ್ಟಿವೆ, ಒಂದೇ ಮೊತ್ತ ಎಷ್ಟು ಸಲ ಬಂದಿದೆ ಎಣಿಸಿ ಇಲ್ಲಿ ಹಾಕಿ. ನಿಮ್ಮಲ್ಲಿ ವಾರ್ಡಿಗೆ ಎಷ್ಟು ಸಾವಿರ ಅಂತ ನೋಡೋಣ.