ಆ ಊರಿನವರನ್ನು ದಡ್ಡರು ಅನ್ನಬೇಡಿ

ನಿನ್ನೆ ಸ್ನೇಹಿತರ ಮನೆಯಲ್ಲಿ ಊಟ ಇತ್ತು. ಬಿಸಿಬೇಳೆಬಾತ್ ಮುಗಿದು ಹೋಳಿಗೆ ಬರುವ ಹೊತ್ತಿಗೆ ಮಾತು ಎಲೆಕ್ಷನ್ ಕಡೆ ತಿರುಗಿತು. ಒಬ್ಬರು ಫೋನಿನಲ್ಲಿ ಅಮೆರಿಕದ ಅಯೋವಾ ರಾಜ್ಯದ ಮ್ಯಾಪ್ ತೆಗೆದು, "ನೋಡಿ, ಎಲ್ಲಾ ಕೆಂಪು. ಈ ಹಳ್ಳಿಯವರಿಗೆ ತಲೆ ಅನ್ನೋದೇ ಇಲ್ಲ" ಅಂದರು. ಕೂತವರೆಲ್ಲ ನಕ್ಕರು. ಕೆಂಪು ಅಂದರೆ ಇಲ್ಲಿ ಟ್ರಂಪ್ ಅವರ ರಿಪಬ್ಲಿಕನ್ ಪಕ್ಷ. ನನಗೆ ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ. ಅಲ್ಲೇ ಹೇಳಬೇಕಿತ್ತು, ಹೇಳಲಿಲ್ಲ. ರಾತ್ರಿಯೆಲ್ಲ ಅದೇ ತಲೆಯಲ್ಲಿ ಸುತ್ತುತ್ತಿತ್ತು.

ನಾನಿರುವುದು ಪಕ್ಕದ ಮಿನೆಸೊಟ ರಾಜ್ಯದ ರಾಚೆಸ್ಟರ್‌ನಲ್ಲಿ ಅಂತ ನಿಮಗೆಲ್ಲ ಗೊತ್ತು. ದಕ್ಷಿಣಕ್ಕೆ ಗಡಿ ದಾಟಿದರೆ ಅಯೋವಾದ ಹೋವರ್ಡ್ ಕೌಂಟಿ. ಕೌಂಟಿ ಅಂದರೆ ನಮ್ಮ ತಾಲ್ಲೂಕು ಇದ್ದ ಹಾಗೆ. ಅದರ ಮುಖ್ಯ ಊರು ಕ್ರೆಸ್ಕೊ, ಜನಸಂಖ್ಯೆ ನಾಲ್ಕು ಸಾವಿರದ ಆಸುಪಾಸು. ಸುತ್ತ ಮೆಕ್ಕೆಜೋಳ, ಸೋಯಾಬೀನ್, ಹಂದಿ ಸಾಕಣೆ. ನಿನ್ನೆ ಆ ಮ್ಯಾಪಿನ ಮೇಲೆ ಬೆರಳಿಟ್ಟಿದ್ದು ಹೆಚ್ಚೂ ಕಡಿಮೆ ಅಲ್ಲಿಗೇ.

2012ರಲ್ಲಿ ಒಬಾಮಾ ಈ ಕೌಂಟಿಯಲ್ಲಿ ಶೇಕಡಾ 20ಕ್ಕೂ ಜಾಸ್ತಿ ಅಂತರದಲ್ಲಿ ಗೆದ್ದರು. 2016ರಲ್ಲಿ ಟ್ರಂಪ್ ಕೂಡ ಶೇಕಡಾ 20ಕ್ಕೂ ಜಾಸ್ತಿ ಅಂತರದಲ್ಲಿ ಗೆದ್ದರು. ಅಮೆರಿಕದ ಮೂರು ಸಾವಿರಕ್ಕೂ ಮೀರಿದ ಕೌಂಟಿಗಳಲ್ಲಿ ಹೀಗೆ ಆಗಿದ್ದು ಇದೊಂದರಲ್ಲೇ. ಅಯೋವಾದಲ್ಲಿ 31 ಕೌಂಟಿಗಳು ಒಬಾಮಾಗೆ ಎರಡು ಸಲ ಬಹುಮತ ಕೊಟ್ಟು ಆಮೇಲೆ ಟ್ರಂಪ್ ಕಡೆ ಹೋದವು. ಬೇರೆ ಯಾವ ರಾಜ್ಯದಲ್ಲೂ ಇಷ್ಟು ಆಗಲಿಲ್ಲ.

2008ರ ಜನವರಿ 3ರ ರಾತ್ರಿ ನೆನಪಿದೆಯಾ? ಅಯೋವಾದ ಜನ ತಮ್ಮ ಪಕ್ಷದ ಅಧ್ಯಕ್ಷ ಅಭ್ಯರ್ಥಿಯನ್ನು ಆರಿಸಲು ಚಳಿಯಲ್ಲಿ ಶಾಲೆಗಳಲ್ಲಿ, ಸಭಾಂಗಣಗಳಲ್ಲಿ ಸೇರಿದ್ದರು. ಒಬಾಮಾ ಅವರ ಡೆಮಾಕ್ರಟಿಕ್ ಪಕ್ಷದ ಸಭೆಗಳಲ್ಲಿ ಆಗ ಚೀಟಿ ಹಾಕುವುದಲ್ಲ, ತಮ್ಮ ಅಭ್ಯರ್ಥಿಯ ಗುಂಪಿಗೆ ಹೋಗಿ ನಿಲ್ಲಬೇಕಿತ್ತು. ನೆರೆಹೊರೆಯವರ ಕಣ್ಣೆದುರೇ ತಲೆ ಎಣಿಸುತ್ತಿದ್ದರು. ಹತ್ತರಲ್ಲಿ ಒಂಬತ್ತು ಜನ ಬಿಳಿಯರೇ ಇದ್ದ ರಾಜ್ಯ ಒಬಾಮಾ ಅವರ ಪಕ್ಕ ನಿಂತು ಮೊದಲ ಗೆಲುವು ಕೊಟ್ಟಿತು. ಆವತ್ತು ನಾವೆಲ್ಲ ಅಯೋವಾದವರನ್ನು ಹೊಗಳಿದ್ದೇ ಹೊಗಳಿದ್ದು. ಎಂಟು ವರ್ಷಕ್ಕೆ ಅವರ ತಲೆ ಎಲ್ಲಿಗೆ ಹೋಯಿತು?

ಕ್ರೆಸ್ಕೊಗೆ ನಾನು ಮೊದಲು ಹೋಗಿದ್ದು ಓಟಿನ ವಿಷಯಕ್ಕಲ್ಲ. ಕೃಷಿ ವಿಜ್ಞಾನಿ ನಾರ್ಮನ್ ಬೋರ್ಲಾಗ್ ಹುಟ್ಟಿದ್ದು ಅದರ ಹತ್ತಿರದ ಹೊಲಮನೆಗಳ ಸೀಮೆಯಲ್ಲಿ, 1914ರಲ್ಲಿ. ಹೈಸ್ಕೂಲು ಓದಿದ್ದು ಕ್ರೆಸ್ಕೊದಲ್ಲೇ. 1966ರಲ್ಲಿ ನಮ್ಮ ದೇಶ ಮೆಕ್ಸಿಕೋದಿಂದ 18,000 ಟನ್ ಗೋಧಿ ಬೀಜ ತರಿಸಿತಲ್ಲ, ಆ ಗಿಡ್ಡ ತಳಿಗಳ ಹಿಂದೆ ಇದ್ದವರು ಅವರೇ. ನಮ್ಮಪ್ಪ ಶಾಲೆಯಲ್ಲಿ ಕೊಡುತ್ತಿದ್ದ ಅಮೆರಿಕದ ಗೋಧಿ ಉಪ್ಪಿಟ್ಟು ತಿಂದು ಬೆಳೆದವರು. ಆ ಹೊಲ ನೋಡಿ ಬಾ ಅಂತ ಕಳಿಸಿದವರೂ ಅಪ್ಪನೇ.

ಅಲ್ಲಿಂದ ವಾಪಸ್ ಬರುವಾಗ ಕಾಫಿಗೆ ನಿಂತೆ. ಪಕ್ಕದ ಟೇಬಲ್ಲಿನಲ್ಲಿ ಬೀಜದ ಕಂಪನಿಯ ಟೋಪಿ ಹಾಕಿದ ಅಜ್ಜ. ಉಗುರಿನ ಸಂದಿಯಲ್ಲಿ ಗ್ರೀಸು. ಎರಡು ಸಲ ಒಬಾಮಾ, ಆಮೇಲೆ ಟ್ರಂಪ್ ಅಂತ ತಾವೇ ಹೇಳಿದರು. ಯಾಕೆ ಅಂತ ಕೇಳಿದೆ. "ಒಬಾಮಾ ಇಲ್ಲಿಗೆ ಬರುತ್ತಿದ್ದರು. ಆಮೇಲೆ ಯಾರೂ ಬರಲಿಲ್ಲ" ಅಂದರು. ಮಕ್ಕಳು ಮೂವರೂ ಸಿಟಿ ಸೇರಿದ್ದಾರಂತೆ. ಹೊಲ ಪಕ್ಕದವರಿಗೆ ಗೇಣಿಗೆ. "ನಿಮ್ಮ ದೇಶದಲ್ಲಿ ರೈತರ ಮಕ್ಕಳು ಊರಲ್ಲಿ ಉಳಿಯುತ್ತಾರಾ?" ಅಂತ ಕೇಳಿದರು. ಅರಸೀಕೆರೆ ಹತ್ತಿರ ನಮ್ಮ ಎರಡೂವರೆ ಎಕರೆ ವಾರಕ್ಕೆ ಹೋಗಿದೆ. ನನಗೆ ಉತ್ತರ ಹೊರಡಲಿಲ್ಲ.

ಅಲ್ಲಿ ಜನಾಂಗದ್ವೇಷ ಇಲ್ಲವಾ ಅಂತ ಕೇಳುತ್ತೀರಿ. ಇದೆ. ಸಿಟಿಯಲ್ಲೂ ಇದೆ, ನಾನೂ ಅನುಭವಿಸಿದ್ದೇನೆ. ಎಲ್ಲರೂ ಓಟು ಬದಲಾಯಿಸಿದರು ಅಂತಲೂ ಅಲ್ಲ, ಕೆಲವರು ಮನೆಯಲ್ಲೇ ಉಳಿದಿರಬಹುದು. ಆದರೆ ಎರಡು ಸಲ ಒಬಾಮಾಗೆ ಅಷ್ಟು ಓಟು ಹಾಕಿದ ಊರನ್ನು ಆ ಒಂದೇ ಪದದಲ್ಲಿ ಮುಗಿಸಲು ಆಗುತ್ತಾ? ಇನ್ನೊಂದು ವಾದ, 2018ರಲ್ಲಿ ಟ್ರಂಪ್ ಹಾಕಿದ ಸುಂಕಕ್ಕೆ ಪ್ರತಿಯಾಗಿ ಚೀನಾ ಅಮೆರಿಕದ ಸೋಯಾಬೀನ್ ಮೇಲೆ ಶೇಕಡಾ 25 ಸುಂಕ ಹಾಕಿ ಇವರಿಗೆ ಹೊಡೆತ ಬಿದ್ದರೂ 2020ರಲ್ಲಿ ಮತ್ತೆ ಟ್ರಂಪ್‌ಗೇ ಹಾಕಿದರಲ್ಲ ಅಂತ. ಹೌದು, ಅಂತರ ಇನ್ನೂ ಹೆಚ್ಚಿತು. ಆದರೆ ಆ ನಷ್ಟಕ್ಕೆ ಸರ್ಕಾರ ದೇಶದ ರೈತರಿಗೆ ಎರಡು ಸಾವಿರ ಕೋಟಿ ಡಾಲರಿಗೂ ಜಾಸ್ತಿ ಪರಿಹಾರ ಕೊಟ್ಟಿತ್ತು. ಅದನ್ನು ಯಾರೂ ಹೇಳುವುದಿಲ್ಲ.

ನಮ್ಮ ರಾಜ್ಯವನ್ನೇ ನೋಡಿ. 1984ರ ಡಿಸೆಂಬರ್‌ನಲ್ಲಿ ಲೋಕಸಭೆಗೆ 28ರಲ್ಲಿ 24 ಸೀಟು ಕಾಂಗ್ರೆಸ್ಸಿಗೆ. ಮೂರೇ ತಿಂಗಳಿಗೆ ವಿಧಾನಸಭೆಯಲ್ಲಿ 139 ಸೀಟು ಹೆಗಡೆಯವರ ಜನತಾ ಪಕ್ಷಕ್ಕೆ. ಅದನ್ನು ನಾವು ಇವತ್ತಿಗೂ ಮತದಾರರ ಜಾಣತನ ಅಂತೀವಿ. ನಮ್ಮವರು ಬದಲಾಯಿಸಿದರೆ ಜಾಣತನ, ಕ್ರೆಸ್ಕೊದವರು ಬದಲಾಯಿಸಿದರೆ ದಡ್ಡತನವಾ?

ಒಂದು ಮಾತು ಒಪ್ಪಿಕೊಳ್ಳಬೇಕು. 2016ರ ಆ ಬೆಳಿಗ್ಗೆ ಟಿವಿ ಮುಂದೆ ನಿಂತು ನಾನೂ ಇದೇ ಮಾತು ಆಡಿದ್ದೆ. ಮಗಳು ಪಕ್ಕದಲ್ಲೇ ಹಾಲು ಕುಡಿಯುತ್ತಿದ್ದಳು. "ಅಪ್ಪಾ, ನನ್ನ ಟೀಚರ್ ಕೂಡ ಆ ಕಡೆಯವರೇ" ಅಂದಳು. ಆ ನಾಚಿಕೆ ಇನ್ನೂ ಹೋಗಿಲ್ಲ. ನಿನ್ನೆ ನಗು ಕೇಳಿದಾಗ ಸಿಟ್ಟು ಬಂದಿದ್ದು ಅದಕ್ಕೂ ಇರಬಹುದು.

ಆ ಮಾತು ಹೇಳಿದವರು ಇದನ್ನು ಓದುತ್ತೀರಿ ಅಂತ ಗೊತ್ತು. ನಿಮ್ಮ ಮೇಲೆ ದ್ವೇಷ ಇಲ್ಲ. ಬರುವ ಶನಿವಾರ ನಾನು ಕ್ರೆಸ್ಕೊ ಕಡೆ ಹೋಗುತ್ತಿದ್ದೇನೆ. ಕಾರಿನಲ್ಲಿ ಜಾಗ ಇದೆ, ಬನ್ನಿ.